ಸಿದ್ದಗಂಗಮ್ಮನಿಗೆ ಓದಿದ ಹೆಸರುಗಳು

ಹೋದ ವಾರ ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಆಫೀಸಿನಲ್ಲಿ ಯಾರೋ ಹುರಿಹಿಟ್ಟಿನ ಪೊಟ್ಟಣ ಬಿಚ್ಚಿದರು. ನಾನು ಗಾಜಿನ ಕೋಣೆಯೊಳಗೆ ಬಾಗಿಲು ಹಾಕಿಕೊಂಡು, ಮಿಕ್ಸಿ ಫ್ರಿಜ್ಜು ಮಾರುವ ಒಬ್ಬರಿಗೆ ಅವರ ಜಾಹೀರಾತನ್ನು ಜನ ನೋಡಿಯೂ ಯಾಕೆ ಒತ್ತುತ್ತಿಲ್ಲ ಎಂದು ಫೋನಿನಲ್ಲಿ ವಿವರಿಸುತ್ತಿದ್ದೆ. ಬಾಗಿಲ ಸಂದಿಯಿಂದ ವಾಸನೆ ಒಳಗೆ ಬಂತು. ಬಿಸಿ ಮರಳಿನಲ್ಲಿ ಅರಳಿದ ರಾಗಿ, ಏಲಕ್ಕಿ, ಸ್ವಲ್ಪ ಒಣಕೊಬ್ಬರಿ. ಹೇಳುತ್ತಿದ್ದ ವಾಕ್ಯ ಎಲ್ಲಿಗೆ ಹೋಗಬೇಕಿತ್ತೋ ಮರೆತೇಹೋಯಿತು. “ಹಲೋ, ಲೈನಲ್ಲಿದೀರಾ ಮೇಡಂ?” ಎಂದು ಅವರು ಎರಡು ಸಲ ಕೇಳಿದ ಮೇಲೆ ಇದ್ದೀನಿ ಅಂದೆ.

ಹೊರಗೆ ಬಂದು ನೋಡಿದರೆ ಅದೇ ಹಳದಿ ಪೊಟ್ಟಣ. ಅದರ ಮೇಲೆ ಎರಡೂ ಕಡೆ ಮೂಗುತಿ ಹಾಕಿಕೊಂಡ, ನಗಬೇಕೋ ಬೇಡವೋ ಎಂದು ಇನ್ನೂ ತೀರ್ಮಾನಿಸದ ಹೆಂಗಸಿನ ಚಿತ್ರ. ಆ ಚಿತ್ರ ತೆಗೆದದ್ದು ನಾನು. ಕೆಳಗಿನ ಅಕ್ಷರಗಳನ್ನು ಕೂರಿಸಿದ್ದೂ ನಾನು. ನಮ್ಮಲ್ಲಿ ಕೆಲಸ ಮಾಡುವ ಹನ್ನೊಂದು ಜನರಲ್ಲಿ ಅದು ಗೊತ್ತಿರುವುದು ಹರೀಶನೊಬ್ಬನಿಗೆ. ಅವನು ನನ್ನ ಮುಖ ನೋಡಿ ತನ್ನ ಡಬ್ಬಿಯ ಮುಚ್ಚಳ ಹಾಕಿದ. ಪೊಟ್ಟಣ ತಂದಿದ್ದ ಹೊಸ ಹುಡುಗಿ, “ತಗೊಳ್ಳಿ ಮೇಡಂ, ನಮ್ ಗುಬ್ಬಿ ಕಡೇದು, ಸಖತ್ತಾಗಿರುತ್ತೆ” ಅಂದಳು. ಹೊಟ್ಟೆ ತುಂಬಿದೆ ಅಂದೆ. ಬೆಳಿಗ್ಗೆಯಿಂದ ಒಂದು ಟೀ ಬಿಟ್ಟರೆ ಏನೂ ತಿಂದಿರಲಿಲ್ಲ.

ಐದು ವರ್ಷದ ಹಿಂದೆ ನನಗೆ ಆಫೀಸೂ ಇರಲಿಲ್ಲ, ಗಾಜಿನ ಕೋಣೆಯೂ ಇರಲಿಲ್ಲ. ತುಮಕೂರಿನ ಹಳೇ ಪೇಟೆಯ ಗಲ್ಲಿಯೊಂದರಲ್ಲಿ ನಮ್ಮ ಮನೆ. ಅಬ್ಬಾ, ಅಂದರೆ ನಮ್ಮಪ್ಪ, ಕೈಗಡಿಯಾರ ರಿಪೇರಿ ಮಾಡುತ್ತಾರೆ. ಈಗ ಕೈಗಡಿಯಾರ ಕಟ್ಟುವವರೇ ಕಡಿಮೆಯಾದ್ದರಿಂದ ಹೆಚ್ಚಾಗಿ ಬೆಲ್ಟು ಬದಲಾಯಿಸುತ್ತಾರೆ. ಮಹಡಿಯ ಮೇಲಿನ ಶೀಟಿನ ರೂಮಿನಲ್ಲಿ ಒಂದು ಲ್ಯಾಪ್‌ಟಾಪ್, ಒಂದು ಫ್ಯಾನು, ನಾನು. ಅಂಗಡಿಯವರ ಪೇಜುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಫೋಟೋ ಹಾಕುವುದು, ನಾಲ್ಕು ಮಾತು ಬರೆಯುವುದು, ಕೇಳಿದವರಿಗೆ ಉತ್ತರ ಕೊಡುವುದು. ಒಂದು ಬೇಕರಿ, ಒಬ್ಬ ಹಲ್ಲಿನ ಡಾಕ್ಟರು, ಗೂಳೂರಿನ ಹತ್ತಿರ ಗಿಡ ಮಾರುವ ಒಬ್ಬರು, ಮತ್ತು ಸಿದ್ದಗಂಗಮ್ಮ. ಅಷ್ಟೂ ಜನ ನಾನೇ. ಬೆಳಿಗ್ಗೆ ಬೇಕರಿಯಾಗಿ ಮಾತಾಡಿ ಮಧ್ಯಾಹ್ನ ಡಾಕ್ಟರಾಗುತ್ತಿದ್ದೆ. ಒಮ್ಮೆ ಹಲ್ಲು ಕೀಳಿಸಲು ಟೈಮು ಕೇಳಿದವರಿಗೆ “ಬೇಗ ಬನ್ನಿ, ಬಿಸಿಬಿಸಿಯಾಗಿದೆ” ಎಂದು ಬರೆದುಬಿಟ್ಟು, ಡಾಕ್ಟರ ಕೈಯಲ್ಲಿ ಉಗಿಸಿಕೊಂಡಿದ್ದೆ.

ಸಿದ್ದಗಂಗಮ್ಮನ ಮನೆ ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಹತ್ತಿರ. ಮಗ ಮಂಜಣ್ಣ, ಸೊಸೆ ಸವಿತಾ, ಕೆಲಸಕ್ಕೆ ಬರುವ ಅಕ್ಕಪಕ್ಕದ ಹೆಂಗಸರು, ಹಗಲೆಲ್ಲ ಗಲಗಲ ಅನ್ನುವ ಮನೆ. ಹಿತ್ತಲಿನಲ್ಲಿ ಮರಳು ಕಾಯಿಸಿ ರಾಗಿ ಅರಳಿಸುತ್ತಿದ್ದರು. ಪೇಜು ಮಾಡಿಸಬೇಕು ಎಂದು ಹಟ ಹಿಡಿದದ್ದು ಮಂಜಣ್ಣ. ಅವರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ್ದು ಒಂದೇ.

“ಇದ್ನ ಯಾರ್ ಬೇಕಾದ್ರೂ ನೋಡ್ಬೋದಾ? ಎಲ್ಲೇ ಇದ್ರೂವೆ?”

“ಎಲ್ಲೇ ಇದ್ರೂ ನೋಡ್ಬೋದಮ್ಮ.”

“ಸರಿ ಹಂಗಾರೆ, ನನ್ ಮಕ ಕಾಣಂಗ್ ತೆಗಿ” ಎಂದು ಸೆರಗು ಸರಿಮಾಡಿಕೊಂಡು ಒಲೆಯ ಮುಂದೆ ಕೂತರು. ಕೆಲಸದವರೆಲ್ಲ ನಕ್ಕರು. ಈ ವಯಸ್ಸಿನಲ್ಲಿ ಇವರಿಗೆ ಎಂಥ ಶೋಕಿ ಅಂತ ನಾನೂ ಒಳಗೊಳಗೇ ನಕ್ಕಿದ್ದೆ.

ಅವರಿಗೆ ಓದು ಬರುತ್ತಿರಲಿಲ್ಲ. ಅದಕ್ಕೆ ನಮ್ಮ ನಡುವೆ ಒಂದು ಪದ್ಧತಿ ಆಯಿತು. ವಾರವಾರ ಗುಬ್ಬಿ ಸಂತೆಗೆ ಅವರು ಸಾಮಾನು ತರುತ್ತಿದ್ದರು. ನಾನು ತುಮಕೂರಿನಿಂದ ಬಸ್ಸು ಹತ್ತಿ ಬಂದು, ಟಾರ್ಪಾಲಿನ ಕೆಳಗೆ ಅವರ ಪಕ್ಕ ಗೋಣಿಚೀಲದ ಮೇಲೆ ಕೂರುತ್ತಿದ್ದೆ. ಆ ವಾರ ಪೇಜಿಗೆ ಬರೆದವರ ಹೆಸರನ್ನೆಲ್ಲ ಒಂದೊಂದಾಗಿ ಓದಬೇಕು. ಏನು ಬರೆದಿದ್ದಾರೆ ಅನ್ನುವುದು ಅವರಿಗೆ ಬೇಕಿರಲಿಲ್ಲ. ಹೆಸರು, ಊರು, ಅಷ್ಟೇ. “ಹಾಸನದಿಂದ ಸುಮಾ.” “ಹ್ಞೂಂ.” “ಪಾವಗಡದಿಂದ ನರಸಿಂಹಮೂರ್ತಿ.” “ಹ್ಞೂಂ, ಮುಂದ್ಕೋಗು.” ತಕ್ಕಡಿ ಹಿಡಿದ ಕೈ ತೂಗುತ್ತಲೇ ಇರುತ್ತಿತ್ತು, ಕಿವಿ ನನ್ನ ಕಡೆ. ಎಲ್ಲ ಮುಗಿದ ಮೇಲೆ, “ಅಷ್ಟೇನಾ?” ಅನ್ನುವರು. ಅಷ್ಟೇ ಅಂದರೆ ಒಂದು ಹಿಡಿ ಹುರಿಹಿಟ್ಟಿಗೆ ಬೆಲ್ಲ ಕಲಸಿ ನನ್ನ ಕೈಗೆ ಹಾಕುವರು. ಹೊಗಳಿಸಿಕೊಳ್ಳುವ ಆಸೆ ಇರಬೇಕು ಎಂದುಕೊಂಡಿದ್ದೆ.

ಅದು ಹಾಗಲ್ಲ ಎಂದು ಹೇಳಿದವಳು ಸವಿತಾ. ಮನೆಗೆ ವಿಡಿಯೊ ತೆಗೆಯಲು ಹೋಗಿದ್ದಾಗ ಅಡುಗೆಮನೆಯಲ್ಲಿ ದನಿ ತಗ್ಗಿಸಿ ಹೇಳಿದಳು. ಸಿದ್ದಗಂಗಮ್ಮನಿಗೆ ಒಬ್ಬಳು ಮಗಳಿದ್ದಳು, ಭಾಗ್ಯ. ಒಂಬತ್ತು ವರ್ಷದ ಹಿಂದೆ ಮನೆಯವರಿಗೆ ಹೇಳದೆ ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ಹೋದಳು. ಅಪ್ಪ ಅವಳ ಹೆಸರು ಎತ್ತಕೂಡದು ಅಂದರು. ಅಪ್ಪ ತೀರಿಕೊಂಡಾಗ ಅವಳು ಬಂದಿದ್ದಳಂತೆ. ಬಾಗಿಲಲ್ಲೇ ನೆಂಟರು ತಡೆದು ವಾಪಸ್ಸು ಕಳಿಸಿದರಂತೆ. ಒಳಗೆ ಹೆಣದ ಮುಂದೆ ಕೂತಿದ್ದ ತಾಯಿಗೆ ಅದು ಗೊತ್ತಾದದ್ದು ಮೂರನೇ ದಿನ. ಆಮೇಲೆ ಅವಳ ಹಳೇ ನಂಬರು ಹತ್ತಲಿಲ್ಲ. ಗಂಡನಿಗೆ ಶಿವಮೊಗ್ಗ ಕಡೆ ಕೆಲಸವಂತೆ ಎಂದು ಯಾರೋ, ಅಲ್ಲ ಮುಂಬೈಯಂತೆ ಎಂದು ಇನ್ಯಾರೋ.

“ಅತ್ತೆ ಯಾರ್ ತಾವಾನೂ ಬಾಯ್ ಬಿಡಲ್ಲ” ಅಂದಳು ಸವಿತಾ. “ನಾನೊಂದ್ಸಲ ಕೇಳಿದ್ದಕ್ಕೆ, ‘ಲೋಕವೆಲ್ಲ ಪೋನ್ ನೋಡ್ತದಂತಲ್ಲ, ಊರಿಗ್ ಬಂದೋಳು ನೀರಿಗ್ ಬರ್ದೆ ಇರ್ತಾಳಾ’ ಅಂತು. ಅದಕ್ಕೇ ಕಣಕ್ಕ, ನಿಮ್ ಕೈಲಿ ಹೆಸ್ರು ಓದ್ಸದು.”

ಅಂದರೆ ನನಗೆ ಗೊತ್ತಿತ್ತು. ಇದನ್ನು ಇಲ್ಲೇ ಬರೆದುಬಿಡುವುದು ಒಳ್ಳೆಯದು. ಮುಂದೆ ಆದದ್ದು ಗೊತ್ತಿಲ್ಲದೆ ಆದದ್ದಲ್ಲ.

ಆ ವರ್ಷ ಆಷಾಢದಲ್ಲಿ ಬಿ.ಎಚ್. ರಸ್ತೆಯ ಒಂದು ದೊಡ್ಡ ಆಭರಣದಂಗಡಿಯವರು ನನ್ನನ್ನು ಕರೆಸಿದರು. ಅವರಿಗೆ ಒಬ್ಬಳು ಹುಡುಗಿ ಬೇಕಿರಲಿಲ್ಲ, ಒಂದು ‘ಏಜೆನ್ಸಿ’ ಬೇಕಿತ್ತು. ಮಾಲೀಕರು, “ನಿಮ್ಮ ಟೀಮಲ್ಲಿ ಎಷ್ಟು ಜನ ಇದೀರಾ?” ಅಂದರು. ನಾಲ್ಕು ಅಂದೆ. ಬೇಕರಿ, ಡಾಕ್ಟರು, ಗಿಡದವರು, ಸಿದ್ದಗಂಗಮ್ಮ ಎಂದು ಎಣಿಸಿಕೊಂಡರೆ ಅದೇನು ಪೂರ್ತಿ ಸುಳ್ಳೂ ಅಲ್ಲ. ಹದಿನೈದು ದಿನದಲ್ಲಿ ಆ ಮಾತನ್ನು ನಿಜ ಮಾಡಬೇಕಾಯಿತು. ಕ್ಯಾತ್ಸಂದ್ರದ ಹರೀಶ ಸಿಕ್ಕಿದ. ಮದುವೆ ಫೋಟೋ ತೆಗೆಯುತ್ತಿದ್ದವನು, ಆಷಾಢವಾದ್ದರಿಂದ ಕೈ ಖಾಲಿ ಇತ್ತು. ಇನ್ನಿಬ್ಬರು ಬಂದರು. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಬಾಡಿಗೆಗೆ ಒಂದು ಹಾಲ್ ನೋಡಿದೆವು. ಮನೆ ಮಾಲೀಕರು ನಕ್ಕು, “ಆಷಾಢದಲ್ಲಿ ಯಾರೂ ಬಾಗಿಲು ತೆಗೆಯಲ್ಲ. ನಿಮ್ಗೇನ್ ಬುಡಿ, ನಡೆಯುತ್ತೆ” ಎಂದು ಅಡ್ವಾನ್ಸು ಕಡಿಮೆ ಮಾಡಿಕೊಂಡರು. ಸಾಬರಾಗಿದ್ದಕ್ಕೆ ಅಷ್ಟಾದರೂ ಲಾಭವಾಯಿತಲ್ಲ ಎಂದು ಮನೆಯಲ್ಲಿ ಅಮ್ಮೀ ನಕ್ಕರು.

ಬಾಗಿಲು ತೆಗೆದ ದಿನ ಜಿಟಿಜಿಟಿ ಮಳೆ, ಮೇಲಿಂದ ಆಷಾಢದ ಗಾಳಿ. ಅಬ್ಬಾ ತಾವೇ ರಿಪೇರಿ ಮಾಡಿದ ಹಳೇ ಗೋಡೆ ಗಡಿಯಾರ ತಂದು ಮೊಳೆ ಹೊಡೆದು ನೇತುಹಾಕಿದರು. ಹರೀಶ ಲಡ್ಡು ಹಂಚಿದ. ಬಾಗಿಲ ಮೇಲೆ ನನ್ನ ಹೆಸರಿಲ್ಲದ ನನ್ನ ಬೋರ್ಡು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಾನು ಖುಷಿಪಡಬೇಕಿತ್ತು, ಖುಷಿ ಬರಲಿಲ್ಲ. ದುಃಖವೂ ಇರಲಿಲ್ಲ. ಚಕ್ಕಂಬಕ್ಕಳ ಹಾಕಿ ಬಹಳ ಹೊತ್ತು ಕೂತರೆ ಕಾಲು ಜೋಮು ಹಿಡಿದು, ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಹಾಗಿತ್ತು. ಸುಸ್ತಿರಬೇಕು, ಮಲಗಿ ಎದ್ದರೆ ಸರಿಹೋಗುತ್ತದೆ ಎಂದುಕೊಂಡೆ. ಆ ಮಳೆಗಾಲವಿಡೀ ಮಲಗಿ ಎದ್ದೆ, ಅದು ಸರಿಹೋಗಲಿಲ್ಲ.

ಕೆಲಸ ಮಾತ್ರ ತಾನಾಗಿ ಬೆಳೆಯಿತು. ಶ್ರಾವಣದಲ್ಲಿ ಇನ್ನೆರಡು ಅಂಗಡಿ, ಗೌರಿ ಹಬ್ಬಕ್ಕೆ ಒಂದು ಸೀರೆ ಶೋರೂಮು. ತಲೆ ಕೆರೆದುಕೊಳ್ಳಲು ಪುರುಸೊತ್ತಿಲ್ಲ. ಎಲ್ಲ ಪೇಜುಗಳಿಗೂ ಒಬ್ಬೊಬ್ಬರಿಗೆ ಕೂತು ಉತ್ತರ ಬರೆಯುವುದು ಇನ್ನು ಆಗದ ಮಾತಾಯಿತು. ಆದ್ದರಿಂದ ತಾನೇ ಉತ್ತರ ಕೊಡುವ ವ್ಯವಸ್ಥೆ ಮಾಡಿದೆವು. ಯಾರಾದರೂ ಬರೆದ ಕೂಡಲೇ ಮೊದಲೇ ಬರೆದಿಟ್ಟ ಮಾತು ಹೋಗುತ್ತದೆ, ಒಂದು ಒತ್ತಿ, ಎರಡು ಒತ್ತಿ ಅನ್ನುತ್ತದೆ. ಬೇರೆ ಅಂಗಡಿಗಳಿಗೆ ‘ಸಂಪರ್ಕಿಸಿದ್ದಕ್ಕೆ ಧನ್ಯವಾದಗಳು’ ಎಂದು ಹರೀಶ ಬರೆದ. ಸಿದ್ದಗಂಗಮ್ಮನದನ್ನು ನಾನೇ ಬರೆಯುತ್ತೇನೆ ಅಂದೆ. ಅವರು ಧನ್ಯವಾದಗಳು ಅನ್ನುವವರಲ್ಲ. ಸಂತೆಯಲ್ಲಿ ಗಿರಾಕಿಗಳನ್ನು ಅವರು ಹೇಗೆ ಕರೆಯುತ್ತಾರೆ ಎಂದು ನೆನಪು ಮಾಡಿಕೊಂಡು, ಅದೇ ರಾಗ, ಅದೇ ಎಳೆತ ಬರುವಂತೆ ಬರೆದೆ.

“ಬನ್ರವ್ವ, ಬನ್ರಪ್ಪ. ಏನ್ ಬೇಕಿತ್ತು? ರೇಟ್ ಕೇಳಕ್ಕೆ ಒಂದು ಒತ್ರಿ, ಸಾಮಾನ್ ತರಿಸ್ಕಳಕ್ಕೆ ಎರಡು ಒತ್ರಿ.”

ಯಾರಾದರೂ ಒಂದೂ ಒತ್ತದೆ ಎರಡೂ ಒತ್ತದೆ ಬೇರೇನಾದರೂ ಬರೆದರೆ: “ನೀವ್ ಹೇಳಿದ್ದು ನಂಗ್ ತಿಳೀನಿಲ್ಲ ಕಣ್ರವ್ವ. ಒಂದು ಇಲ್ಲ ಎರಡು ಒತ್ರಿ.”

ಅದನ್ನು ಓದಿ ಹರೀಶ ಹೊಟ್ಟೆ ಹಿಡಿದುಕೊಂಡು ನಕ್ಕ. “ಸೇಮ್ ಟು ಸೇಮ್ ಅಜ್ಜಿ ಮೇಡಂ!” ಜನ ಆ ಉತ್ತರಗಳ ಫೋಟೋ ತೆಗೆದು ಗೆಳೆಯರಿಗೆ ಕಳಿಸಿದರು. ಆಭರಣದಂಗಡಿಯವರು, “ನಮಗೂ ಇಂಥದೊಂದು ಕ್ಯಾರೆಕ್ಟರ್ ಮಾಡಿಕೊಡಿ” ಅಂದರು. ಅದರ ಹೆಸರು ಹೇಳಿಕೊಂಡೇ ಹೊಸ ಗಿರಾಕಿಗಳು ಬಂದರು. ನಿಜ ಹೇಳುತ್ತೇನೆ, ಆ ವರ್ಷವೆಲ್ಲ ನನಗೆ ಒಳಗೆ ಸ್ವಲ್ಪ ಬೆಚ್ಚಗೆ ಅನ್ನಿಸಿದ್ದು ಆ ನಾಲ್ಕು ಸಾಲಿನ ಬಗ್ಗೆ ಮಾತ್ರ.

ಸಂತೆಗೆ ಹೋಗುವುದು ನಿಂತಿತು. ಮೊದಲ ವಾರ ಮಳೆ ಎಂದು ಫೋನು ಮಾಡಿ ಹೇಳಿದೆ. ಎರಡನೇ ವಾರ ಮೀಟಿಂಗು. ಮೂರನೇ ವಾರ ಹೇಳಲೂ ಇಲ್ಲ. ಹೆಸರಿನ ಬದಲು ತಿಂಗಳಿಗೊಂದು ರಿಪೋರ್ಟು ಹೋಗತೊಡಗಿತು. ಎಷ್ಟು ಜನ ನೋಡಿದರು, ಎಷ್ಟು ಜನ ಒತ್ತಿದರು, ಕೆಂಪು ಹಸಿರು ಗೆರೆಗಳು. ಮಂಜಣ್ಣ ವ್ಯಾಪಾರ ಏರಿದ್ದಕ್ಕೆ ಖುಷಿಯಾಗಿದ್ದರು. ಆದರೂ ಪ್ರತಿ ಸಲ ಫೋನು ಇಡುವ ಮೊದಲು, “ಅವ್ವ ಹೆಸ್ರು ಕೇಳ್ತದೆ ಕಣಮ್ಮ. ಯಾವಾಗ್ ಬತ್ತೀರಾ?” ಅನ್ನುವರು. ಮುಂದಿನ ವಾರ ಅನ್ನುತ್ತಿದ್ದೆ. ತಾವೇ ಓದಿ ಹೇಳಬಹುದಿತ್ತು, ಆದರೆ ಪೇಜಿನ ಕೀಲಿ, ಅಂದರೆ ಪಾಸ್‌ವರ್ಡು, ನಮ್ಮ ಕೈಗೆ ಕೊಟ್ಟುಬಿಟ್ಟಿದ್ದರು. ಒಂದು ರಾತ್ರಿ ಊಟಕ್ಕೆ ಕೂತಾಗ ನನ್ನ ಫೋನು ಬಿಡದೆ ಗುಂಯ್‌ಗುಟ್ಟುವುದನ್ನು ನೋಡಿ ಅಬ್ಬಾ ಏನೋ ಅಂದರು. ಮನೆಯಲ್ಲಿ ನಮ್ಮದು ಉರ್ದು. ಕನ್ನಡದಲ್ಲಿ ಹೇಳಿದರೆ ಹೀಗಾಗುತ್ತದೆ: ಅಂಗಡಿ ದೊಡ್ಡದಾದರೆ ಗಲ್ಲಾದ ಹತ್ತಿರ ಕೂತವನಿಗೆ ಗಿರಾಕಿಯ ಮುಖ ಕಾಣುವುದಿಲ್ಲ. ಒಂದು ಗಡಿಯಾರವನ್ನು ಒಂದು ವಾರ ಬಿಚ್ಚಿಟ್ಟುಕೊಳ್ಳುವ ನಿಮಗೆ ಇದೆಲ್ಲ ಅರ್ಥವಾಗಲ್ಲ ಅಂದೆ. ಅವರು ರೊಟ್ಟಿ ಮುರಿದರು.

ದೀಪಾವಳಿಗೆ ಎಂಟು ದಿನವಿತ್ತು. ಆಫೀಸಿನಲ್ಲಿ ಎಲ್ಲರೂ ಒಂದೊಂದು ಅಂಗಡಿಯ ಹಬ್ಬದ ಶುಭಾಶಯ ಬರೆಯುತ್ತ ಕೂತಿದ್ದಾಗ ಮೆಟ್ಟಿಲ ಮೇಲೆ ಬಳೆಯ ಸದ್ದಾಯಿತು. ಸಿದ್ದಗಂಗಮ್ಮ. ಬಗಲಲ್ಲಿ ವೈರಿನ ಬುಟ್ಟಿ, ತಲೆಯ ಮೇಲೆ ಮಳೆಗೆ ಹಾಕಿಕೊಂಡ ಪ್ಲಾಸ್ಟಿಕ್ ಚೀಲ. ಮೂರು ಬಸ್ಸು ಬದಲಾಯಿಸಿ ಒಬ್ಬರೇ ಬಂದಿದ್ದರು. ಬಂದವರೇ ಎದುರಿನ ಕುರ್ಚಿಯಲ್ಲಿ ಕೂತು, ಚೀಲ ತೆಗೆದು ಕೊಡವಿದರು.

“ನೀನ್ ಬರ್ನಿಲ್ಲ. ನಾನೇ ಬಂದೆ. ಓದವ್ವ.”

“ಅಮ್ಮ, ನಾಲ್ಕು ತಿಂಗಳದ್ದು ತುಂಬಾ ಇದೆ. ರಿಪೋರ್ಟು...”

“ಕಾಗ್ದ ನಂಗ್ಯಾಕೆ? ಹೆಸ್ರು ಓದು. ಸಂಜೆ ಬಸ್ಸಿಗಂಟ ಪುರುಸೊತ್ತೈತೆ ನಂಗೆ.”

ಲ್ಯಾಪ್‌ಟಾಪ್ ತಿರುಗಿಸಿಕೊಂಡು ಆಷಾಢದಿಂದ ಓದಲು ಶುರುಮಾಡಿದೆ. ತಿಪಟೂರಿನ ಗೀತಾ. ಮಂಡ್ಯದ ಪುಟ್ಟಸ್ವಾಮಿ. ಬೆಂಗಳೂರಿನ ಶೈಲಜಾ. “ಹ್ಞೂಂ.” “ಹ್ಞೂಂ.” ಕಣ್ಣು ಓದುತ್ತಿತ್ತು, ಬಾಯಿ ಹೇಳುತ್ತಿತ್ತು, ತಲೆಯಲ್ಲಿ ಆಭರಣದಂಗಡಿಯ ದೀಪಾವಳಿ ಆಫರಿನ ಲೆಕ್ಕ ಓಡುತ್ತಿತ್ತು. ಹರೀಶನ ಕೀಬೋರ್ಡು ಪಕ್ಕದಲ್ಲಿ ಟಕಟಕ ಅನ್ನುತ್ತಿತ್ತು. ಶ್ರಾವಣ ಮುಗಿದು ಭಾದ್ರಪದಕ್ಕೆ ಬಂದೆ.

“ಕುಣಿಗಲ್ಲಿಂದ ಭಾಗ್ಯ” ಅಂದೆ. ಅಂದಮೇಲೆ ನನ್ನ ಕಿವಿಗೆ ಬಿತ್ತು.

ಹ್ಞೂಂ ಬರಲಿಲ್ಲ.

“ಏನ್ ಬರ್ದವ್ಳೆ?” ಅಂದರು.

ಲ್ಯಾಪ್‌ಟಾಪ್ ಮುಚ್ಚಬಹುದಿತ್ತು. ಬೇರೆ ಯಾರೋ ಭಾಗ್ಯ ಎನ್ನಬಹುದಿತ್ತು. ಅದ್ಯಾವುದೂ ಹೊಳೆಯಲಿಲ್ಲ. ಓದು ಅಂದರು, ಓದಿದೆ.

“‘ಅವ್ವ, ನಾನು ಭಾಗ್ಯ. ವಿಡಿಯೊದಲ್ಲಿ ನೋಡ್ದೆ. ಸಣ್ಣ ಆಗಿದೀಯ. ಹುಷಾರಾಗಿದೀಯಾ?’”

“ನಾವೇನಂದ್ವಿ?”

ಹರೀಶನ ಟಕಟಕ ನಿಂತಿತ್ತು.

“‘ಬನ್ರವ್ವ, ಬನ್ರಪ್ಪ. ಏನ್ ಬೇಕಿತ್ತು? ರೇಟ್ ಕೇಳಕ್ಕೆ ಒಂದು ಒತ್ರಿ...’”

“ಆಮೇಲೆ?”

“ಮಾರನೇ ದಿನ ಬರೆದಿದ್ದಾರೆ. ‘ಅವ್ವ, ನಾನು ಕಣೇ, ಭಾಗ್ಯ. ಮಾತಾಡ್ಬಾರ್ದಾ?’”

“ಅದಕ್ಕೆ?”

“‘ನೀವ್ ಹೇಳಿದ್ದು ನಂಗ್ ತಿಳೀನಿಲ್ಲ ಕಣ್ರವ್ವ. ಒಂದು ಇಲ್ಲ ಎರಡು ಒತ್ರಿ.’”

ಸಿದ್ದಗಂಗಮ್ಮ ಬುಟ್ಟಿಯನ್ನು ತೊಡೆಯ ಮೇಲೆ ಎಳೆದುಕೊಂಡರು. “ಮುಂದ್ಕೋದು.”

“ಅದಾಗಿ ಮೂರನೇ ದಿನ...” ನಾನು ನಿಲ್ಲಿಸಿದೆ. “ಎರಡು ಒತ್ತಿದ್ದಾರೆ.”

ಉಳಿದದ್ದೆಲ್ಲ ಯಂತ್ರವೇ ಮುಗಿಸಿತ್ತು. ಎಲ್ಲಿಗೆ ಕಳಿಸಬೇಕು ಎಂದು ಕೇಳಿತ್ತು. ಅವಳು ಕುಣಿಗಲ್ಲಿನ ಒಂದು ವಿಳಾಸವನ್ನು ಗಂಡನ ಹೆಸರಿಗೆ ಕೊಟ್ಟಿದ್ದಳು. ಶಿವಕುಮಾರ. ತಿಂಗಳಿಗೆ ಹತ್ತು ಶಿವಕುಮಾರರು ತರಿಸಿಕೊಳ್ಳುತ್ತಿದ್ದರು, ಮಂಜಣ್ಣ ಚೀಟಿ ಅಂಟಿಸುವಾಗ ಯಾಕೆ ಗಮನಿಸುತ್ತಾರೆ. ಎರಡು ಕೆ.ಜಿ. ಹುರಿಹಿಟ್ಟು. ಕೊನೆಯಲ್ಲಿ ನಾನೇ ಬರೆದಿಟ್ಟ ಸಾಲು: “ದುಡ್ ಬಂತು ಕಣ್ರವ್ವ. ತಿಂದು ಹೆಂಗೈತೆ ಹೇಳ್ರಿ.” ಅವಳು ಹೇಳಿರಲಿಲ್ಲ.

ಸಿದ್ದಗಂಗಮ್ಮ ಬಹಳ ಹೊತ್ತು ಅಬ್ಬಾ ಹಾಕಿದ ಗೋಡೆ ಗಡಿಯಾರ ನೋಡುತ್ತಿದ್ದರು. ಅವರಿಗೆ ಗಂಟೆ ನೋಡಲೂ ಬರುತ್ತಿರಲಿಲ್ಲ.

“ಪೊಟ್ಣ ಎಲ್ಲಾನೂ ನಾನೇ ಕಟ್ಟದು” ಅಂದರು. “ಅದ್ನೂ ನನ್ ಕೈಯಾಗೇ ಕಟ್ಟಿರ್ತೀನಿ.” ಆಮೇಲೆ ನನ್ನ ಕಡೆ ತಿರುಗಿದರು. “ನನ್ ಮಗಳ್ ತಾವ ದುಡ್ ಇಸ್ಕಂಡ್ರಾ?”

ಆಗ ನನಗೇನು ಅನ್ನಿಸಿತು ಎಂದರೆ, ಏನೂ ಅನ್ನಿಸಲಿಲ್ಲ. ಅಳು ಬರಲಿಲ್ಲ. ಕ್ಷಮಿಸಿ ಎಂದು ಬಾಯಿಗೆ ಬಂದದ್ದೂ ಹರೀಶ ಬರೆದ ಸಾಲಿನ ಹಾಗೆ ಕೇಳಿಸಿತು, ಅದಕ್ಕೆ ನುಂಗಿಕೊಂಡೆ. ಅವರು ಬೈದಿದ್ದರೆ, ಆ ಬುಟ್ಟಿಯನ್ನು ಎತ್ತಿ ನನ್ನ ಮೇಲೆ ಎಸೆದಿದ್ದರೆ ಏನಾದರೂ ಅನ್ನಿಸುತ್ತಿತ್ತೇನೋ. ಅವರು ಕೇಳಿದ್ದು, “ಕುಣಿಗಲ್ಲು ಅಂದ್ರೆ ಇಲ್ಲೇ ಕುಣಿಗಲ್ಲಾ?” ಎಂದು.

“ಹೌದಮ್ಮ. ಇಲ್ಲಿಂದ ಬಸ್ಸಲ್ಲಿ ಒಂದು ಗಂಟೆ.”

“ಬಾಂಬೆ ಅಂದಿದ್ರು” ಎಂದು ಎದ್ದು, ಪ್ಲಾಸ್ಟಿಕ್ ಚೀಲವನ್ನು ಮತ್ತೆ ತಲೆಗೆ ಹಾಕಿಕೊಂಡರು. “ನಡಿ.”

ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕೂತರು. ದಾರಿಯುದ್ದಕ್ಕೂ ತೆಂಗಿನ ತೋಟಗಳು ತೊಪ್ಪೆಯಾಗಿ ನೆನೆದಿದ್ದವು, ರಾಗಿ ಹೊಲಗಳಲ್ಲಿ ತೆನೆ ಬಾಗಿತ್ತು. ನಡುವೆ ಆಭರಣದಂಗಡಿಯವರ ಫೋನು ಬಂತು. ತೆಗೆದೆ. ಹಬ್ಬದ ಪೋಸ್ಟಿನಲ್ಲಿ ದೀಪ ಎಡಗಡೆ ಇರಲೋ ಬಲಗಡೆ ಇರಲೋ ಎಂದು ಕೇಳಿದರು. ಬಲಗಡೆ ಅಂದೆ. ನನ್ನ ದನಿ ಎಂದಿನ ಹಾಗೆಯೇ ಇತ್ತು. ಅದು ನೆನಪಾದರೆ ಇವತ್ತಿಗೂ ಮೈ ಜುಂ ಅನ್ನುತ್ತದೆ.

ವಿಳಾಸ ಹಿಡಿದು ಹೋದರೆ ಒಂದು ಚಿಕ್ಕ ಬಾಡಿಗೆ ಮನೆ; ಹೊಸಿಲಿಗೆ ರಂಗೋಲಿ, ಮಳೆಗೆ ಅರ್ಧ ಅಳಿಸಿತ್ತು. ಬಾಗಿಲು ತೆಗೆದವಳು ಪೊಟ್ಟಣದ ಮೇಲಿನ ಚಿತ್ರದ ಹಾಗೆಯೇ ಇದ್ದಳು, ಮೂಗುತಿ ಮಾತ್ರ ಒಂದೇ ಕಡೆ. ತಾಯಿಯನ್ನು ನೋಡಿದಳು. ಬಾಗಿಲು ಹಿಡಿದುಕೊಂಡೇ ನಿಂತಳು. ಒಳಕ್ಕೆ ಬಾ ಅನ್ನಲಿಲ್ಲ.

ಸಿದ್ದಗಂಗಮ್ಮ ಸೆರಗಿನ ಗಂಟು ಬಿಚ್ಚಿ, ಮಡಿಸಿದ ನೋಟುಗಳನ್ನು ತೆಗೆದು ಅವಳ ಮುಂದೆ ಹಿಡಿದರು. “ಇಸ್ಕೊ. ನನ್ ಮನೆ ಹಿಟ್ಗೆ ನೀನ್ ದುಡ್ ಕೊಡದಾ?”

“ನೀನೇ ಅಂದ್ಯಲ್ಲವ್ವ, ಎರಡು ಒತ್ತು ಅಂತ” ಅಂದಳು ಭಾಗ್ಯ. “ಅಪ್ಪ ಹೋದಾಗ ಬಂದ್ರೆ ನಿಮ್ಮೋರು ಬಾಗ್ಲಲ್ಲೇ ನಿಲ್ಸಿದ್ರು. ನೀನು ಎದ್ದು ಬರ್ನಿಲ್ಲ. ಇದ್ರಲ್ ಕೇಳಿದ್ರೆ ಏನ್ ಬೇಕಿತ್ರೀ ಅಂದೆ. ಏನಾರಾ ತಗಂಡ್ರೆ ನಿನ್ ಕೈಯಿಂದಾನಾದ್ರೂ ಬರ್ತದಲ್ಲ ಅಂತ ಒತ್ದೆ.”

“ನಾನಲ್ಲ ಕಣೇ ಅದು.”

“ನೀನಲ್ದೆ ಇನ್ಯಾರು? ನಿನ್ ಮಾತೇ ಇತ್ತು.”

ಇಬ್ಬರೂ ನನ್ನ ಕಡೆ ನೋಡಿದರು.

“ನಾನು ಬರೆದದ್ದು” ಅಂದೆ. “ಯಾರು ಏನು ಕೇಳಿದ್ರೂ ಅದೇ ಹೋಗುತ್ತೆ. ಅಮ್ಮಂಗೆ ಇವತ್ತೇ ಗೊತ್ತಾಗಿದ್ದು.”

ಭಾಗ್ಯ ನನ್ನನ್ನು ನೋಡಿದ ನೋಟವನ್ನು ಬರೆಯಲು ನನಗೆ ಬರುವುದಿಲ್ಲ. ಸಿಟ್ಟಲ್ಲ ಅದು. ಇವಳ್ಯಾರು ನಮ್ಮ ನಡುವೆ ಎಂದು ಅರ್ಥ ಮಾಡಿಕೊಳ್ಳಲು ನೋಡುತ್ತಿದ್ದಳು. ಆಮೇಲೆ ಬಾಗಿಲು ಬಿಟ್ಟು ಒಳಗೆ ಸರಿದಳು. ಸಿದ್ದಗಂಗಮ್ಮ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಹೋದರು. ನಾನು ಹೊರಗೆ ಸೂರಿನ ಕೆಳಗೆ ನಿಂತೆ. ಮೊದಲು ಒಂದು ಪಾತ್ರೆ ಬಿದ್ದ ಸದ್ದು, ಆಮೇಲೆ ಇಬ್ಬರೂ ಒಟ್ಟಿಗೆ ಅಳುವುದು ಕೇಳಿಸಿತು. ಯಾರೂ ಹೊರಗೆ ಬಂದು ನನ್ನನ್ನು ಕರೆಯಲಿಲ್ಲ, ಕರೆಯಬೇಕಾಗಿಯೂ ಇರಲಿಲ್ಲ. ಒಬ್ಬಳೇ ಬಸ್ಸು ಹತ್ತಿ ತುಮಕೂರಿಗೆ ಬಂದೆ.

ದೀಪಾವಳಿ ಮುಗಿದ ಮೇಲೆ ಸಂತೆಗೆ ಹೋದೆ. ಮಳೆ ನಿಂತು ಬಿಸಿಲು ಬಂದಿತ್ತು, ಟಾರ್ಪಾಲು ಮಡಿಸಿಟ್ಟಿದ್ದರು. ಸಿದ್ದಗಂಗಮ್ಮ ಎಂದಿನ ಹಾಗೆ ಗೋಣಿಚೀಲ ಎಳೆದು ಕೂರು ಅಂದರು, ಬೆಲ್ಲ ಕಲಸಿದ ಹಿಟ್ಟು ಕೈಗೆ ಹಾಕಿದರು. ನಾನು ಲ್ಯಾಪ್‌ಟಾಪ್ ತೆಗೆಯಲು ಹೋದಾಗ ನನ್ನ ಕೈ ಮೇಲೆ ಕೈ ಇಟ್ಟರು.

“ಬ್ಯಾಡ ಬುಡವ್ವ. ಇನ್ ಸಾಕು. ಪೇಜು ಭಾಗ್ಯಂಗ್ ಕೊಟ್ಬುಡು.”

“ನನ್ನಿಂದ ತಪ್ಪಾಯ್ತು ಅಮ್ಮ. ಇನ್ಮೇಲೆ ಆ ಉತ್ತರ ಎಲ್ಲ ತೆಗೆದುಹಾಕ್ತೀನಿ. ನಾನೇ ಕೂತು...”

“ತಪ್ಪು ಅಂತ ನಾನಂದ್ನಾ? ಚೆಂದಾಗೇ ಮಾಡ್ದೆ. ನನ್ನಂಗೇ ಮಾತಾಡ್ದೆ. ಹೆತ್ತ ಮಗಳ್ಗೇ ಗುರ್ತು ಸಿಕ್ನಿಲ್ಲ.” ಸುಮ್ಮನೆ ನನ್ನ ಬೆನ್ನು ಸವರಿದರು. “ಅದಕ್ಕೇ ಹೇಳ್ತಿರದು, ಬುಡು.”

ಜೋಮು ಬಿಡುವಾಗ ಕಾಲಿಗೆ ಸೂಜಿ ಚುಚ್ಚಿದ ಹಾಗೆ ಆಗುತ್ತದೆ. ಆಗ ನನಗೆ ಎದೆಯಲ್ಲಿ ಒಂದು ಕ್ಷಣ ಹಾಗಾಯಿತು. ಗುಬ್ಬಿಯಿಂದ ತುಮಕೂರು ಬರುವಷ್ಟರಲ್ಲಿ ಅದೂ ಹೋಯಿತು. ಬಂದು ಪೇಜಿನ ಕೀಲಿಯನ್ನು ಕುಣಿಗಲ್ಲಿನ ನಂಬರಿಗೆ ದಾಟಿಸಿದೆ. ಬನ್ರವ್ವ ಬನ್ರಪ್ಪ ಎಂಬ ಸಾಲುಗಳನ್ನು ಅಳಿಸಿದೆ. ಮಾರನೇ ವರ್ಷ ಜನ ಆರಾದರು, ಆಮೇಲೆ ಹನ್ನೊಂದು. ಟೈರ್ ಅಂಗಡಿಯ ಮೇಲಿಂದ ಈಗಿರುವ ಜಾಗಕ್ಕೆ ಬಂದೆವು. ನಾನು ಆ ಪೇಜನ್ನು ಮತ್ತೆ ತೆಗೆದು ನೋಡಲಿಲ್ಲ. ಆ ಹಿಟ್ಟನ್ನೂ ತಿನ್ನಲಿಲ್ಲ.

ಹೋದ ವಾರ ಆ ದಿನ ಎಲ್ಲರೂ ಊಟ ಮುಗಿಸಿ ಎದ್ದ ಮೇಲೆ ಮೇಜಿನ ಮೇಲೆ ಆ ಹಳದಿ ಪೊಟ್ಟಣ ಹಾಗೇ ಬಿದ್ದಿತ್ತು. ಬೆರಳಿಗೆ ಸ್ವಲ್ಪ ಹಿಟ್ಟು ಹತ್ತಿಸಿಕೊಂಡು ನಾಲಿಗೆಗೆ ಇಟ್ಟೆ. ಅದೇ ಮರಳು, ಅದೇ ಒಲೆ. ಕೋಣೆಗೆ ಹೋಗಿ ಪೊಟ್ಟಣದ ಮೇಲಿದ್ದ ನಂಬರಿಗೆ ನನ್ನ ಸ್ವಂತ ಫೋನಿನಿಂದ ಬರೆದೆ. ‘ಹುರಿಹಿಟ್ಟು ಒಂದು ಕೆ.ಜಿ. ಬೇಕಿತ್ತು.’ ಹೆಸರು ಹಾಕಲಿಲ್ಲ. ಕೂಡಲೇ ಏನಾದರೂ ಬರುತ್ತದೆಂದು ಕಾದೆ. ಒಂದು ಒತ್ತಿ, ಎರಡು ಒತ್ತಿ ಅನ್ನುತ್ತದೆಂದು ಕಾದೆ. ಏನೂ ಬರಲಿಲ್ಲ. ಮಾರನೇ ದಿನ ಮಧ್ಯಾಹ್ನ ಉತ್ತರ ಬಂತು, ಒಬ್ಬರು ಕೂತು ಕೈಯಲ್ಲಿ ಟೈಪು ಮಾಡಿದ್ದು.

‘ಕಳಿಸ್ತೀವಿ ಕಣ್ರಿ. ನಿಮ್ಮ ಹೆಸರು ಹಾಕಿಲ್ಲ. ಯಾರು, ಯಾವೂರು ಹೇಳಿ. ಸಂಜೆ ಅವ್ವಂಗೆ ಹೆಸರು ಓದಿ ಹೇಳ್ಬೇಕು.’

ತುಮಕೂರು ಎಂದು ಬರೆದೆ. ಅದರ ಪಕ್ಕದಲ್ಲಿ ತಸ್ನೀಮ್ ಎಂದು ಬರೆದೆ, ಅಳಿಸಿದೆ, ಮತ್ತೆ ಬರೆದೆ. ಹರೀಶ ಬಾಗಿಲು ತಳ್ಳಿ ಯಾವುದೋ ಪೋಸ್ಟು ನೋಡಿ ಹೇಳಿ ಅಂದ. ಆಮೇಲೆ ಅಂದೆ. ಇವತ್ತಿಗೆ ಮೂರು ದಿನವಾಯಿತು, ಇನ್ನೂ ಕಳಿಸಿಲ್ಲ.